ಗುರುಪಾದ ಟ್ಯಾಂಕು ಕಟ್ಟಿದ್ದು

ನಗು ಬಂದರೆ ಮೆಲ್ಲಗೆ ನಗಿ. ನೀಲವ್ವ ಹಿಂದಿನ ಓಣಿಯಲ್ಲೇ ಇದ್ದಾಳೆ, ಕೇಳಿಸಿಕೊಂಡರೆ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಮಗ ಪೆದ್ದ ಅಂತ ಅವಳು ದಿನಕ್ಕೆ ಹತ್ತು ಸಲ ಅನ್ನುತ್ತಾಳೆ. ಬೇರೆಯವರು ಒಂದು ಸಲ ಅಂದರೆ ಮಾತ್ರ ಸೆರಗು ಬಿಗಿದು ಜಗಳಕ್ಕೆ ಬರುತ್ತಾಳೆ.

ಮಗನ ಹೆಸರು ಗುರುಪಾದ, ವಯಸ್ಸು ಇಪ್ಪತ್ತೆಂಟು. ಮೈ ಗಟ್ಟಿಮುಟ್ಟು, ಮನಸ್ಸು ಹಾಲಿನಂಥದ್ದು. ತಲೆಯೊಂದು ಮಾತ್ರ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ತಲೆ. ಒಮ್ಮೆ ನೀಲವ್ವ, "ಒಲಿ ಮ್ಯಾಲಿನ ಹಾಲು ನೋಡ್ಕೊಂಡಿರು" ಅಂತ ಹೇಳಿ ನೀರಿಗೆ ಹೋದಳು. ಬಂದು ನೋಡಿದರೆ ಹಾಲೆಲ್ಲ ಉಕ್ಕಿ ಒಲೆಪಾಲಾಗಿತ್ತು. ಗುರುಪಾದ ಕಣ್ಣು ಮಿಟುಕಿಸದೆ ಪಾತ್ರೆ ನೋಡುತ್ತ ಕೂತಿದ್ದ. "ಒಂದು ಹನಿನೂ ಬಿಡದಂಗ ನೋಡೀನವ್ವ" ಅಂದ. ನೀಲವ್ವ ಹಣೆ ಚಚ್ಚಿಕೊಂಡಳು.

ಅವಳಿಗೆ ಇದ್ದ ಚಿಂತೆ ಒಂದೇ, ಇವನ ಮದುವೆ. ತನ್ನ ಅಣ್ಣ ಶಿವನಿಂಗಪ್ಪನ ಮಗಳು ದಾನಮ್ಮನನ್ನು ಸೊಸೆ ಮಾಡಿಕೊಳ್ಳಬೇಕು ಅಂತ ಅವಳ ಆಸೆ. ಶಿವನಿಂಗಪ್ಪ ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಟ್ಯಾಂಕು ಓಡಿಸಿ ಹವಾಲ್ದಾರನಾಗಿ ಊರಿಗೆ ಬಂದವನು. ಈಗ ಅಂಗೈಯಗಲದ ಪ್ಲಾಸ್ಟಿಕ್ ಟ್ಯಾಂಕುಗಳನ್ನು ಜೋಡಿಸಿ, ಬಣ್ಣ ಬಳಿದು, ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸುವುದೇ ಅವನ ಸುಖ. ದಾನಮ್ಮ ಪಡಸಾಲೆಯಲ್ಲಿ ಹೊಲಿಗೆ ಮಷೀನು ಹಾಕಿಕೊಂಡು ಊರಿನ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು.

ನೀಲವ್ವ ಹೋಗಿ ಹೆಣ್ಣು ಕೇಳಿದಳು. ಶಿವನಿಂಗಪ್ಪ ಮೀಸೆ ತಿರುವಿದ. ಕಪಾಟಿನಿಂದ ಒಂದು ಹೊಸ ಡಬ್ಬಿ ತೆಗೆದು ಗುರುಪಾದನ ಕೈಗೆ ಕೊಟ್ಟ. "ಈ ಟ್ಯಾಂಕು ಕಟ್ಟಿ ತಾ. ಇಷ್ಟು ಸಣ್ಣ ಕೆಲಸ ತಾಳ್ಮಿಲೇ ಮಾಡಾವ ಸಂಸಾರನೂ ಮಾಡ್ತಾನ. ಹದಿನೈದು ದಿನ ಕೊಟ್ಟೀನಿ. ಆಗಲಿಲ್ಲಂದ್ರ ಹುಡುಗಿನ್ನ ಬ್ಯಾರೆ ಕಡೆ ಕೊಡ್ತೀನಿ."

"ಹೆಂಗ ಕಟ್ಟೋದು ಮಾಮಾ?"

"ಡಬ್ಬ್ಯಾಗ ಇದ್ದದ್ದನ್ನೆಲ್ಲಾ ಒಂದಕ್ಕೊಂದು ಅಂಟಸು. ಒಂದೂ ಬಿಡಬ್ಯಾಡ."

ಆ ಡಬ್ಬಿಯಲ್ಲಿ ಟ್ಯಾಂಕಿನ ಭಾಗಗಳು ಬಿಡಿಬಿಡಿಯಾಗಿ ಇರುವುದಿಲ್ಲ. ಕಿಟಕಿಯ ಸರಳುಗಳಂಥ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಕಚ್ಚಿಕೊಂಡಿರುತ್ತವೆ. ಅದರಿಂದ ಒಂದೊಂದನ್ನೇ ಕತ್ತರಿಸಿ ತೆಗೆಯಬೇಕು. ನಮ್ಮ ಗುರುಪಾದ ಕತ್ತರಿಸಲಿಲ್ಲ, ತೆಗೆಯಲಿಲ್ಲ. ನಾಲ್ಕು ಚೌಕಟ್ಟುಗಳನ್ನೂ ಒಂದರ ಮೇಲೊಂದು ಇಟ್ಟು ಅಂಟಿಸಿದ. ಅವುಗಳ ಮೇಲೆ ಚಿತ್ರದ ಹಾಳೆ ಅಂಟಿಸಿದ. ಎಲ್ಲಕ್ಕೂ ಮೇಲೆ ಡಬ್ಬಿಯನ್ನೇ ಅಂಟಿಸಿ, ಹೊತ್ತುಕೊಂಡು ಹೋದ.

ಶಿವನಿಂಗಪ್ಪ ಕನ್ನಡಕ ಏರಿಸಿ ನೋಡಿದ, ಇಳಿಸಿ ನೋಡಿದ. "ಏನಿದು? ಕೋಳಿ ಗೂಡೇನು?"

"ಒಂದೂ ಬಿಟ್ಟಿಲ್ಲ ಮಾಮಾ."

ಮಷೀನಿನ ಸದ್ದು ನಿಂತಿತು. ದಾನಮ್ಮ ಹಲ್ಲಿನಲ್ಲಿ ದಾರ ಕಚ್ಚಿಕೊಂಡು ಇತ್ತ ನೋಡುತ್ತಿದ್ದಳು. ಶಿವನಿಂಗಪ್ಪ ಬೈದ. ಬೈಯುತ್ತಲೇ ಚಾಕು ಹಿಡಿದು ಎಲ್ಲ ಬಿಡಿಸಿಕೊಟ್ಟ. "ಕತ್ತರಿಸಿ ತೆಗಿಯೋ ಹುಚ್ಚಪ್ಪಾ. ಕತ್ತರಿಸಿದಲ್ಲಿ ಚೂರು ಹೊರಗ ಚಾಚಿರತೈತಿ. ಹೊರಗ ಚಾಚಿದ್ದು ಏನರ ಕಂಡ್ರ ಸಾಕು, ಕತ್ತರಿಸು, ಉಜ್ಜೋ ಕಾಗದ ಹಚ್ಚಿ ತಿಕ್ಕು. ಕೈ ಆಡಿಸಿದ್ರ ಜಾರಬೇಕು."

"ಆತು ಮಾಮಾ."

ಈ ಸಲ ಗುರುಪಾದ ಚಿತ್ರ ನೋಡಿಕೊಂಡು ಒಂದೊಂದೇ ಭಾಗ ಕತ್ತರಿಸಿ ಟ್ಯಾಂಕು ಜೋಡಿಸಿದ. ನಿಜ ಹೇಳುತ್ತೇನೆ, ಚೆನ್ನಾಗಿಯೇ ಜೋಡಿಸಿದ್ದ. ಆಮೇಲೆ ಕೈ ಆಡಿಸಿ ನೋಡಿದ. ಕೊಕ್ಕೆಗಳು ಚಾಚಿದ್ದವು, ಕತ್ತರಿಸಿದ. ಹಿಡಿಕೆಗಳು ಚಾಚಿದ್ದವು, ಅವನ್ನೂ ಕತ್ತರಿಸಿದ. ಮುಂದುಗಡೆ ಬೆರಳುದ್ದದ ತೋಪಿನ ನಳಿಗೆ ಎಲ್ಲಕ್ಕಿಂತ ಉದ್ದಕ್ಕೆ ಚಾಚಿತ್ತು. ಅದನ್ನು ಬುಡಸಮೇತ ಕತ್ತರಿಸಿ, ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿದ.

"ತೋಪು ಎಲ್ಲಿ?" ಅಂತ ಶಿವನಿಂಗಪ್ಪ ಕೇಳಿದ.

"ಕಿಸೆದಾಗೈತಿ ಮಾಮಾ. ಕೈ ಆಡಸ್ರಿ, ಹೆಂಗ ಜಾರತೈತಿ."

"ತೋಪಿಲ್ಲದ ಟ್ಯಾಂಕು ತಗೊಂಡು ಲಡಾಯಿಗೆ ಹೋಗ್ಲೋ, ಸೀರಿ ಅರಿವಿ ತುಂಬಿ ಬೀಗರೂರಿಗೆ ಹೋಗ್ಲೋ?" ಅಂತ ಶಿವನಿಂಗಪ್ಪ ಕೂಗಾಡಿದ. ಕಡೆಗೆ ಒಂದು ಸಣ್ಣ ಅಂಟಿನ ಕೊಳವೆ ಕೊಟ್ಟ. "ಇದು ಬಿರುಸಾದ ಅಂಟು. ನಳಿಗಿ ಹಚ್ಚಿ ಹಿಡಿ. ಗಟ್ಟಿ ಆಗೂತನಕ ಕೈ ಬಿಡಬ್ಯಾಡ."

ಗುರುಪಾದ ಹಚ್ಚಿದ, ಹಿಡಿದ, ಬಿಡಲಿಲ್ಲ. ಅಂಟು ಬೆರಳಿಗೂ ಸೋರಿತು. ಅಂಟು ಗಟ್ಟಿಯಾಯಿತು, ನಳಿಗೆ ಗಟ್ಟಿಯಾಯಿತು, ಮೂರು ಬೆರಳೂ ಗಟ್ಟಿಯಾಗಿ ಕೂತವು. ನೀಲವ್ವ ಅವನಿಗೆ ರೊಟ್ಟಿ ಮುರಿದು ಬಾಯಿಗೆ ಇಟ್ಟಳು, ಅಂಗಿಯ ಗುಂಡಿ ಹಾಕಿದಳು, ಆಮೇಲೆ ಅಳುತ್ತ ಅಣ್ಣನ ಮನೆಗೆ ಕರೆದುಕೊಂಡು ಹೋದಳು. ಟ್ಯಾಂಕು ಕೈಯಲ್ಲೇ ಇತ್ತು. ದಾರಿಯಲ್ಲಿ ಎದುರಾದವರಿಗೆಲ್ಲ ಗುರುಪಾದ ಅದೇ ಕೈಯಿಂದ ನಮಸ್ಕಾರ ಮಾಡಿದ.

ದಾನಮ್ಮ ಬಿಸಿನೀರು, ಸೋಪು, ಎಣ್ಣೆ ತಂದಳು. ಅಪ್ಪ ಬೈಯುತ್ತಿದ್ದ, ಅವಳು ಬೆರಳು ಬಿಡಿಸುತ್ತಿದ್ದಳು. "ನೋವಾತೇನು?" ಅಂತ ಕೇಳಿದಳು. "ಬಿಡಬ್ಯಾಡ ಅಂದಿದ್ರಲ್ಲ" ಅಂತ ಗುರುಪಾದ ಅಂದ. ಅವಳು ತಲೆ ತಗ್ಗಿಸಿ ನಕ್ಕಳು.

ಶಿವನಿಂಗಪ್ಪ ಸಿಟ್ಟು ನುಂಗಿಕೊಂಡು ಮುಂದಿನದನ್ನು ಹೇಳಿದ. "ಇನ್ನ ಕೈಯಾಗ ಹಿಡಕೊಂಡು ಕೂಡಬ್ಯಾಡ. ಹಸರು, ಮಣ್ಣಬಣ್ಣ ಎರಡೂ ಪಟ್ಟಿಪಟ್ಟಿಯಾಗಿ ಬಳಿ. ಬಯಲಾಗ ಇಟ್ಟು ಒಣಗಸು. ಟ್ಯಾಂಕಿನ ಬಣ್ಣ ಹೆಂಗಿರಬೇಕಂದ್ರ, ಹುಡುಕಾವನ ಕಣ್ಣಿಗೂ ಅದು ಬೀಳಬಾರದು."

ಮೂರು ದಿನ ಕಳೆಯಿತು. ನಾಲ್ಕನೆಯ ದಿನ ಗುರುಪಾದ ಬರಿಗೈಯಲ್ಲಿ ಬಂದ. ಮುಖದ ತುಂಬ ನಗು.

"ಟ್ಯಾಂಕು ಎಲ್ಲಿ?"

"ಬಣ್ಣ ಭಾಳ ಚಲೋ ಬಂದೈತಿ ಮಾಮಾ. ಹಿತ್ತಲ ಹುಲ್ಲಿನಾಗ ಇಟ್ಟೀನಿ. ನಿನ್ನಿಯಿಂದ ಹುಡಕಾಕತ್ತೀನಿ, ನನಗೂ ಸಿಗವಲ್ದು."

ಶಿವನಿಂಗಪ್ಪ ಆ ದಿನ ಬೈಯಲೂ ಇಲ್ಲ. ಸುಮ್ಮನೆ ಗೋಡೆಗೆ ಒರಗಿ ಕೂತ. ಗಡುವಿಗೆ ಇನ್ನು ಎರಡೇ ದಿನ ಉಳಿದಿತ್ತು. ನೀಲವ್ವ ಹಿತ್ತಲಲ್ಲಿ ಮೊಣಕಾಲೂರಿ ಹುಲ್ಲೆಲ್ಲ ಕೆದಕಿದಳು. ಕೊನೆಯ ದಿನ ಮಧ್ಯಾಹ್ನ ಎಮ್ಮೆಗೆ ನೀರಿಡಲು ಹೋದಾಗ, ನೀರಿನ ಬಾನಿಯ ಪಕ್ಕದ ಕೆಸರಿನಲ್ಲಿ ಏನೋ ಕಾಲಿಗೆ ತಗುಲಿತು. ಎತ್ತಿ ನೋಡಿದರೆ ಅದೇ ಟ್ಯಾಂಕು. ಹುಲ್ಲಿನಿಂದ ಎಮ್ಮೆ ಒದ್ದು ತಂದಿರಬೇಕು, ಗೊರಸು ತಾಗಿ ಒಂದು ಮಗ್ಗುಲು ತರಚಿತ್ತು. ಚಕ್ರದ ತುಂಬ ಕೆಸರು ಮೆತ್ತಿತ್ತು. ಕಬ್ಬಿಣದ ಬಾನಿಯ ತುಕ್ಕುನೀರು ಮೇಲಿನಿಂದ ಹರಿದು ಕೆಂಪು ಗೆರೆ ಮೂಡಿಸಿತ್ತು. ಮಗನ ಮದುವೆ ಇಲ್ಲಿಗೆ ಮುಗಿಯಿತು ಅಂತ ಅವಳು ಅತ್ತುಕೊಂಡೇ ಅದನ್ನು ಸೆರಗಿನಲ್ಲಿಟ್ಟು, ಮಗನನ್ನೂ ಕರೆದುಕೊಂಡು ಹೋಗಿ ಅಣ್ಣನ ಮುಂದೆ ಇಟ್ಟಳು.

ಶಿವನಿಂಗಪ್ಪ ಕನ್ನಡಕ ಹಾಕಿಕೊಂಡ. ಟ್ಯಾಂಕನ್ನು ಬೆಳಕಿಗೆ ಹಿಡಿದ. ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಅವನ ಕಣ್ಣಲ್ಲಿ ನೀರು ಬಂತು.

"ನೀಲವ್ವ, ನಾ ಓಡಿಸಿದ ಗಾಡಿ ಹಿಂಗ ಇತ್ತು. ಹೊಳಿ ದಾಟಿ ಬಂದ ದಿನ ಥೇಟ್ ಹಿಂಗ ಇತ್ತು. ಹದಿನಾರು ಟ್ಯಾಂಕು ಕಟ್ಟೀನಿ, ಒಂದಕ್ಕೂ ಈ ಕಳಾ ಬರಲಿಲ್ಲ."

ಅವನಿಗೆ ಅಷ್ಟು ಸಂತೋಷ. ಅಳಿಯನ ಬೆನ್ನು ತಟ್ಟಿದ. ಅವತ್ತೇ ನಿಶ್ಚಯಕ್ಕೆ ದಿನ ಗೊತ್ತು ಮಾಡಿದ. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಸಂತೋಷದಲ್ಲಿ ಇನ್ನೊಂದು ಬುದ್ಧಿಮಾತು ಹೇಳಿದ. "ಇದನ್ನ ನೆನಪಿಡು ಗುರುಪಾದ. ಹೊಸಾದನ್ನ ಹೊಸಾದಂಗ ಬಿಟ್ರ ಅದು ಆಟಿಗಿ ಸಾಮಾನು. ಕೆಸರು ಸಿಡಿಬೇಕು, ತುಕ್ಕು ಹತ್ತಬೇಕು, ಆಗ ಅದಕ್ಕ ಬೆಲೆ."

"ಆತು ಮಾಮಾ" ಅಂದ ಗುರುಪಾದ.

ನಿಶ್ಚಯದ ದಿನ ನೀಲವ್ವ ದಾನಮ್ಮನಿಗೆ ಅಂತ ಹಳದಿ ಇಳಕಲ್ ಸೀರೆ ತಂದು ತಟ್ಟೆಯಲ್ಲಿಟ್ಟಿದ್ದಳು. ಎರಡು ವರ್ಷ ಬೆಣ್ಣೆ ಮಾರಿ ಕೊಂಡ ಸೀರೆ ಅದು. ಅವಳು ಸ್ನಾನಕ್ಕೆ ಹೋದಾಗ ಗುರುಪಾದ ಅದನ್ನು ನೋಡಿದ. ಸೀರೆ ಹೊಚ್ಚ ಹೊಸದಾಗಿತ್ತು, ಇದಕ್ಕೆ ಬೆಲೆ ಬರುವುದು ಹೇಗೆ ಅಂತ ಮರುಗಿದ. ಟ್ಯಾಂಕಿನ ಕುಂಚ ತಂದ. ಬಾನಿಯ ಕೆಸರು, ತುಕ್ಕುನೀರು ತಂದ. ಅಂಚಿಗೆ ಸಿಡಿಸಿದ, ಸೆರಗಿಗೆ ತುಕ್ಕು ತೀಡಿದ, ಒಣಗಿಸಿ, ಮಡಚಿ, ಮೇಲೆ ವಸ್ತ್ರ ಮುಚ್ಚಿಟ್ಟ.

ಶಿವನಿಂಗಪ್ಪನ ಪಡಸಾಲೆಯಲ್ಲಿ ಹಿರಿಯರು ಕೂತಿದ್ದರು. ಉಡಿ ತುಂಬಲು ವಸ್ತ್ರ ಸರಿಸಿ ಸೀರೆ ಬಿಚ್ಚಿದರೆ ಬರೀ ಕೆಸರು, ತುಕ್ಕು. ನೀಲವ್ವ ಸೆರಗು ಬಾಯಿಗೆ ಹಿಡಿದಳು. ಎಲ್ಲರೂ ಗುರುಪಾದನನ್ನು ನೋಡಿದರು. ಗುರುಪಾದ ಹೆಮ್ಮೆಯಿಂದ ಮಾಮನನ್ನು ನೋಡಿದ.

"ಕಳಾ ಬಂತೇನು ಮಾಮಾ?"

ಶಿವನಿಂಗಪ್ಪ ಎದ್ದು ನಿಂತ. "ಈ ಮದುವಿ ಆಗೂದಿಲ್ಲ. ಏಳ್ರಿ ಎಲ್ಲಾರೂ."

"ತಡಿ ಅಪ್ಪಾ" ಅಂದಳು ದಾನಮ್ಮ. ಸೀರೆ ಎತ್ತಿಕೊಂಡು ಅಂಚನ್ನು ಬೆರಳಲ್ಲಿ ಸವರಿ ನೋಡಿದಳು. ಹೊಲಿಗೆಯವಳ ಕಣ್ಣು ಅವಳದು. ಕೆಳಗೆ ದಪ್ಪ ಹನಿ, ಮೇಲೆ ಹೋದಂತೆ ಸಣ್ಣ ಹನಿ, ಒಂದೂ ಹೆಚ್ಚುಕಡಿಮೆ ಇರಲಿಲ್ಲ. ಅವಳು ಅಪ್ಪನ ಕಡೆ ತಿರುಗಿದಳು. "ಇಷ್ಟು ದಿನದಿಂದ ನೋಡಾಕತ್ತೀನಿ. ನೀ ಹೇಳಿದ್ದು ಒಂದನ್ನರ ಇಂವ ಮಾಡದ ಬಿಟ್ಟಾನೇನು?"

ಶಿವನಿಂಗಪ್ಪ ಮೀಸೆ ತಿರುವಲು ಹೋಗಿ ಕೈ ಇಳಿಸಿದ.

"ಹೇಳಿದ್ದು ಮಾಡೋ ಗಂಡು ಈ ಊರಾಗ ಇನ್ನೊಬ್ಬಂವ ಇದ್ರ ತೋರಿಸು. ಸೀರಿ ತೊಳದ್ರ ಹೋಗತೈತಿ ಅತ್ತಿ, ಅಳಬ್ಯಾಡ್ರಿ. ನನಗ ಒಪ್ಪಿಗಿ ಐತಿ." ಆಮೇಲೆ ಗುರುಪಾದನ ಮುಂದೆ ಬಂದು ನಿಂತು, ಬೆರಳೆತ್ತಿ ಹೇಳಿದಳು, "ಆದ್ರ ಇವತ್ತಿನಿಂದ ನಮ್ಮಪ್ಪ ಹೇಳಿದಂಗ ಒಂದೂ ಮಾಡಬ್ಯಾಡ. ನಾ ಹೇಳಿದ್ದಷ್ಟ ಮಾಡು. ತಿಳೀತೇನು?"

"ತಿಳೀತು."

ನೀಲವ್ವ ಕಣ್ಣೊರೆಸಿಕೊಂಡಳು. ಹಿರಿಯರು ಮತ್ತೆ ಕೂತರು. ಶಿವನಿಂಗಪ್ಪನೂ ಮೀಸೆಯಡಿ ನಕ್ಕುಬಿಟ್ಟ. ಎಲೆ ಅಡಿಕೆ, ತೆಂಗಿನಕಾಯಿಯ ತಟ್ಟೆ ಎತ್ತಿ ಅಳಿಯನ ಮುಂದೆ ಹಿಡಿದ.

"ಬಾರಪಾ, ಕೂಡು. ನನ್ನ ಮಗಳನ್ನ ನಿನಗ ಕೊಟ್ಟೀನಿ. ತಟ್ಟಿ ತಗೋ."

ಗುರುಪಾದ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಒಲ್ಲೆ ಮಾಮಾ" ಅಂದ.

"ಏ, ತಗೋ ಅಂದ್ರ!"

"ನೀವು ಹೇಳಿದಂಗ ಮಾಡೂದಿಲ್ಲ."

ಹಿರಿಯರು ದಾನಮ್ಮನ ಕಡೆ ನೋಡಿದರು. ನೀಲವ್ವ, "ಹೇಳವ್ವಾ, ನೀನರ ಹೇಳು" ಅಂತ ಕೈ ಮುಗಿದಳು. ದಾನಮ್ಮ ಹೇಳಬೇಕು ಅಂತ ಬಾಯಿ ತೆರೆದಳು. ನಗು ಬಂತು. ಇನ್ನೊಮ್ಮೆ ತೆರೆದಳು, ಇನ್ನೂ ಜೋರಾಗಿ ಬಂತು. ಕಂಬ ಹಿಡಿದು ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು, ಒಂದು ಮಾತೂ ಹೊರಡಲಿಲ್ಲ. ಹಿಡಿದು ಹಿಡಿದು ಸಾಕಾಗಿ ಶಿವನಿಂಗಪ್ಪ ತಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿದ. ಅವಳ ನಗು ನಿಂತು, "ತಗೋ" ಅನ್ನುವವರೆಗೂ ಗುರುಪಾದ ಕೈ ಕಟ್ಟಿಕೊಂಡು ನಿಂತೇ ಇದ್ದ.