ಎಲಚಿ ಮರಕ್ಕೆ ಗೊಬ್ಬರ

ನಗೋರು ನಗ್ರಪ್ಪ, ಕೇತಮ್ಮನ ಎದುರಿಗೆ ಮಾತ್ರ ನಗಬೇಡಿ. ಅವಳಿಗೊಬ್ಬ ಮಗ, ಜಡೆಯ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ. ಅದೇ ಅವಳ ಭಯ.

ಅವಳ ಪಾಲಿಗೆ ಮೂರು ಎಲಚಿ ಮರ. ಕೊಂಬೆ ಮೇಲೆ ಅರಗಿನ ಹುಳ ಸಾಕಬೇಕು. ಹುಳ ಇಲ್ಲದ ಮರವನ್ನ ಯಜಮಾನ ಬೊಮ್ಮಯ್ಯ ಬೇರೆ ಮನೆಗೆ ಕೊಟ್ಟುಬಿಡ್ತಾನೆ, ಅದು ಆ ಹಟ್ಟಿಯ ಕಟ್ಟಳೆ. ಆ ವರ್ಷ ಮಣ್ಣು ಸತ್ವಗೆಟ್ಟು, ಮರ ಸೊರಗಿ, ಹುಳವೆಲ್ಲ ಸತ್ತುಹೋಗಿದ್ದವು. ಅಮಾವಾಸ್ಯೆಗೆ ಬೊಮ್ಮಯ್ಯ ಮರ ನೋಡೋಕೆ ಬರ್ತಾನೆ! ಕೇತಮ್ಮ ಮಗನನ್ನ ಕರೆದಳು.

"ಮಗಾ, ಮರಕ್ಕೆ ಗೊಬ್ಬರ ಹಾಕು" ಅಂದಳು.

ಹಾಕಿದ! ಹಸುವಿನ ಹಿಂದೆಯೇ ನಿಂತು, ಬಿಸಿ ಬಿಸಿ ಸಗಣಿ ಹಿಡಿದು ತಂದು, ಕಾಂಡಕ್ಕೇ ಸೊಂಟದೆತ್ತರ ಮೆತ್ತಿದ.

"ಅಯ್ಯೋ ಮಂಕೇ, ಬೇರು ಬೆಂದುಹೋಗುತ್ತಲ್ಲೋ! ಬಿಸಿ ಇರೋದನ್ನ ಕೊಡಬಾರದು. ಗುಂಡೀಲಿ ಕೊಳೆಸಬೇಕು. ಆಮೇಲೆ ಬುಡದಿಂದ ಎರಡು ಮೊಳ ದೂರ ತೋಡಿ, ಹಾಕಿ, ಮುಚ್ಚಬೇಕು!"

"ಹಂಗೇ ಆಗ್ಲಮ್ಮ."

ಮಾರನೇ ದಿನ, ಯಜಮಾನನ ಮನಸ್ಸು ಮೆತ್ತಗಾಗಲಿ ಅಂತ, ಮುದ್ದೆ ಹುರುಳಿಸಾರು ಕೊಟ್ಟು ಕಳಿಸಿದಳು. ಜಡೆಯ ಮುಟ್ಟಿ ನೋಡಿದ. ಬಿಸಿ! ಸೀದಾ ತಿಪ್ಪೆಗುಂಡಿಗೆ ಸುರಿದು ಬಂದ. "ಕೊಳೀಲಿ, ಆಮೇಲೆ ಕೊಡ್ತೀನಿ."

"ನಿನ್ನ ತಲೆಗಿಷ್ಟು! ಹಸಿದೋರಿಗೆ ಕೈಗೆ ಬಂದದ್ದನ್ನ ಬಂದ ಹಾಗೇ ಕೊಡಬೇಕೋ, ಒಂದು ಗಳಿಗೆ ತಡಮಾಡಬಾರದು!"

"ಹಂಗೇ ಆಗ್ಲಮ್ಮ."

ಕೇತಮ್ಮ ಓಡಿಹೋಗಿ ಬೊಮ್ಮಯ್ಯನ ಕಾಲು ಹಿಡಿದಳು. ಅವನು ಕರಗಿದ. ಮರಿಹುಳ ಕೆಂಪಗೆ ಹರಿದಾಡೋ ಒಂದು ಕಟ್ಟು ಕಡ್ಡಿ ಕೊಟ್ಟ. "ಇದೇ ಕೊನೇದು. ಇವತ್ತೇ ಕೊಂಬೆಗೆ ಕಟ್ಟು, ಹುಳ ಮರಕ್ಕೆ ಹತ್ಕೊಳ್ಳುತ್ತೆ. ನಾಳೆ ಅಮಾವಾಸ್ಯೆ, ನೋಡೋಕೆ ಬರ್ತೀನಿ."

ಕಡ್ಡಿ ಮನೆಯಲ್ಲಿಟ್ಟು ಅವಳು ಹುರಿ ಕೇಳೋಕೆ ಆಚೆ ಹಟ್ಟಿಗೆ ಹೋದಳು. ಇತ್ತ ಜಡೆಯ ಮರ ನೋಡಿದ. ಪಾಪ, ಹಸಿದಿದೆ! ತಡಮಾಡಬಾರದು! ಎರಡು ಮೊಳ ದೂರ ತೋಡಿದ, ಕಡ್ಡಿ ಹಾಕಿದ, ಮುಚ್ಚಿದ, ನೀರು ಹುಯ್ದ, ತುಳಿದು ಗಟ್ಟಿ ಮಾಡಿದ.

ಕೇತಮ್ಮ ಬಂದು ಕೇಳಿ, ಉಗುರಲ್ಲೇ ಮಣ್ಣು ಬಗೆದಳು. ಕಡ್ಡಿ ಸಿಕ್ಕಿತು. ಒಂದು ಹುಳವೂ ಅಲುಗಲಿಲ್ಲ.

"ಜೀವ ಇರೋದನ್ನ ಹೂಳ್ತಾರೇನೋ ಪಾಪಿ! ಜೀವ ಹೋದ ಮೇಲೆ ಹೂಳೋದು! ಹೋಯ್ತು, ಮೂರು ಮರಾನೂ ಹೋಯ್ತು. ನನ್ನನ್ನೂ ಗೊಬ್ಬರ ಮಾಡಿ ಈ ಮರಕ್ಕೇ ಹಾಕಿಬಿಡು!"

"ಹಂಗೇ ಆಗ್ಲಮ್ಮ."

ಅವಳು ಒಳಗೆ ಹೋಗಿ ಗೋಡೆಗೊರಗಿ ಅತ್ತಳು. ಹೊರಗೆ ಗುದ್ದಲಿ ಸದ್ದು. ಧಪ್, ಧಪ್. ಎದ್ದು ಬಂದು ನೋಡ್ತಾಳೆ, ಬುಡದಿಂದ ಎರಡು ಮೊಳ ದೂರಕ್ಕೆ ಒಂದಾಳುದ್ದದ ಗುಂಡಿ. ಮಗ ಬೆವರು ಒರೆಸಿಕೊಳ್ತಾ ಅಂಚಿನಲ್ಲಿ ಕೂತಿದ್ದಾನೆ. ಅವಳಿಗೆ ಮರದ ಭಯ ಮರೆತೇಹೋಯಿತು.

"ಇದ್ಯಾರಿಗೋ, ಜಡೆಯಾ?"

"ನಿಂಗೇ ಅಮ್ಮ. ಉದ್ದ ಸರಿಯಾಯ್ತಾ, ಒಂದ್ಸಲ ಮಲಗಿ ನೋಡು. ಹೆದರಬೇಡ, ಜೀವ ಇರೋವಾಗ ಮುಚ್ಚಲ್ಲ. ಇಲ್ಲೇ ಕೂತು ಕಾಯ್ತೀನಿ."