ಮೂಗಿಗೆ ಕೆಸರು ಮೆತ್ತಿಕೊಂಡ ಜಿಂಕೆ

ಒಂದು ಕಾಡಿನಲ್ಲಿ ಬಲು ಹಳೆಯ ಒಪ್ಪಂದವೊಂದಿತ್ತು. ಮರದ ಮೇಲಿನ ಕರಿಮೋರೆಯ ಮುಸುವಗಳು ಕಣ್ಣಿಟ್ಟು ಕಾಯಬೇಕು. ಕೆಳಗೆ ಮೇಯುವ ಜಿಂಕೆಗಳು ಗಾಳಿ ಮೂಸಬೇಕು. ಪೊದೆಯ ಮೊಲಗಳು ಕಿವಿ ನಿಮಿರಿಸಿಕೊಂಡಿರಬೇಕು. ಅಪಾಯ ಯಾರಿಗೆ ಮೊದಲು ತಿಳಿಯಿತೋ ಅವರು ಕೂಗಬೇಕು, ಉಳಿದವರು ಓಡಬೇಕು. ಇದರಿಂದ ಎಲ್ಲರೂ ಸುಖವಾಗಿದ್ದರು, ಒಂದು ನರಿಯ ಹೊರತು. ಪಾಪ, ಅದು ಬಾಲ ಅಲ್ಲಾಡಿಸಿದರೆ ಸಾಕು, ಕಾಡಿಗೆ ಕಾಡೇ ಬೊಬ್ಬೆ ಹಾಕುತ್ತಿತ್ತು.

ಮಳೆಗಾಲದ ಒಂದು ದಿನ ನರಿ ಕೇದಗೆಯ ಮೆಳೆಗೆ ನುಗ್ಗಿ ಹೊರಳಾಡಿತು. ಹೂವಿನ ಪುಡಿ ಮೈಗೆಲ್ಲ ವಿಭೂತಿಯಂತೆ ಮೆತ್ತಿಕೊಂಡಿತು. ನರಿಯ ನಾತ ಅಡಗಿತು, ಕೇದಗೆಯ ಘಮಲು ಹಬ್ಬಿತು. ಹಾಗೇ ಬಂದು ಆಲದ ಮರದ ಕೆಳಗೆ ಪದ್ಮಾಸನ ಹಾಕಿ ಕುಳಿತು, ತನಗೆ ಸ್ತಬ್ಧಾನಂದ ಎಂದು ತಾನೇ ಹೆಸರಿಟ್ಟುಕೊಂಡಿತು.

"ಮಕ್ಕಳೇ, ನಾನು ಮಾಂಸ ಬಿಟ್ಟೆ," ಎಂದಿತು. "ನಿಮ್ಮನ್ನು ಉದ್ಧಾರ ಮಾಡಲು ಬಂದಿದ್ದೇನೆ. ನಿಮ್ಮ ಶತ್ರು ಹುಲಿಯಲ್ಲ, ಚಿರತೆಯಲ್ಲ. ನಿಮ್ಮ ಇಂದ್ರಿಯಗಳೇ ನಿಮ್ಮ ಶತ್ರು. ಆಮೆಯನ್ನು ನೋಡಿ! ತಲೆ, ಕೈಕಾಲು ಎಲ್ಲವನ್ನೂ ಹೇಗೆ ಒಳಗೆ ಎಳೆದುಕೊಳ್ಳುತ್ತದೆ! ಹಾಗೆ ಮುಚ್ಚಿಕೊಂಡವರಿಗೇ ಮುಕ್ತಿ."

ಈ ಮಾತು ಹೊನ್ನಚುಕ್ಕಿ ಎಂಬ ಜಿಂಕೆಯ ಎದೆಗೆ ನಾಟಿತು. ಅವಳಿಗೊಂದು ಕೊರಗಿತ್ತು. ಕಳೆದ ಬೇಸಿಗೆಯಲ್ಲಿ ಇಪ್ಪೆ ಹೂವಿನ ಪರಿಮಳದ ಬೆನ್ನು ಹತ್ತಿ ಹೋಗಿ, ತನ್ನ ಮರಿ ಚಿಗುರನನ್ನು ಬಯಲಲ್ಲೇ ಮರೆತಿದ್ದಳು. ಮುಸುವಗಳು ಕೂಗದಿದ್ದರೆ ಅವನು ಅಂದೇ ಹುಲಿಯ ಬಾಯಿಗೆ ಬೀಳುತ್ತಿದ್ದ. "ಹೌದು, ಈ ಹಾಳು ಮೂಗೇ ನನ್ನನ್ನು ಕೆಡಿಸಿದ್ದು," ಎಂದುಕೊಂಡಳು.

ಪಾಠ ಶುರುವಾಯಿತು. ಮುಸುವಗಳು ಮರದಿಂದಿಳಿದು ಕಣ್ಣು ಮುಚ್ಚಿದವು. ಮೊಲಗಳು ಕಿವಿ ಮಡಚಿದವು. ಹೊನ್ನಚುಕ್ಕಿ ಎರಡೂ ಹೊಳ್ಳೆಗಳಿಗೆ ಕೆಸರು ಮೆತ್ತಿಕೊಂಡು, ಬಾಯಲ್ಲಿ ಉಸಿರಾಡುತ್ತಾ ಕುಳಿತಳು. ಪಾಠ ಮುಗಿದ ಮೇಲೆ ಗುರುಗಳು ಒಬ್ಬ ಶಿಷ್ಯನನ್ನು ಆರಿಸಿ, "ನಿನ್ನ ಸಾಧನೆ ಪೂರ್ಣವಾಯಿತು, ಬಾ," ಎಂದು ಪೊದೆಯ ಹಿಂದಕ್ಕೆ ಕರೆದೊಯ್ಯುತ್ತಿದ್ದರು. ಹೋದವರು ತಿರುಗಿ ಬರುತ್ತಿರಲಿಲ್ಲ.

"ಮುಕ್ತಿ ಸಿಕ್ಕವರು ಯಾಕೆ ವಾಪಸ್ ಬರ್ತಾರೆ?" ಎಂದು ಗುರುಗಳು ನಗುತ್ತಿದ್ದರು.

ಗುರುಗಳ ಹೊಟ್ಟೆ ದಿನದಿನಕ್ಕೆ ದುಂಡಗಾಯಿತು. ಮಾಡುವುದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ! ಆದರೆ ಕಣ್ಣು ಮುಚ್ಚಿ ಕುಳಿತವರಿಗೆ ಅದು ಕಾಣುವುದು ಹೇಗೆ?

ಒಂದು ಸಂಜೆ ನರಿ ಘೋಷಿಸಿತು. "ನಾಳೆ ಚಿಗುರನ ಸರದಿ."

"ನಿನ್ನ ಮಗ ಪುಣ್ಯವಂತ ಕಣಮ್ಮ," ಎಂದಿತು ಮುದಿ ಮುಸುವ. ಹೊನ್ನಚುಕ್ಕಿ ತಲೆಯಾಡಿಸಿದಳು. ಆದರೆ ರಾತ್ರಿಯಿಡೀ ಅದನ್ನೇ ಯೋಚಿಸಿದಳು. ಮಗ ಹೋಗುವ ಜಾಗ ಎಂಥದ್ದು? ಅಲ್ಲಿ ಅವನಿಗೆ ಹಸಿವಾದರೆ ಹಾಲು ಕೊಡುವವರು ಯಾರು? ಅದೆಲ್ಲ ಬಲ್ಲದ್ದು ಆಮೆಯೊಂದೇ, ಅದನ್ನೇ ಕೇಳೋಣ ಎಂದು ಬೆಳಗಾಗುತ್ತಲೇ ಮಡುವಿಗೆ ಓಡಿದಳು.

ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಆಮೆಯಜ್ಜಿ ಬಂಡೆಯ ಮೇಲೆ ಕತ್ತು ಚಾಚಿ, ನಾಲ್ಕೂ ಕಾಲು ಹರವಿಕೊಂಡು ಮಲಗಿತ್ತು.

"ಇದೇನಜ್ಜಿ! ನೀವು ಎಲ್ಲವನ್ನೂ ಒಳಗೆ ಎಳೆದುಕೊಂಡು ಇರುವವರಲ್ಲವೇ?"

"ಯಾರೇ ಹೇಳಿದ್ದು?" ಆಮೆಯಜ್ಜಿ ರೇಗಿತು. "ಸದಾ ಮುಚ್ಕೊಂಡಿದ್ದರೆ ಹಸಿವಿನಿಂದ ಎಂದೋ ಸಾಯ್ತಿದ್ದೆ. ಹದ್ದು ಬಂದಾಗ ಎಳ್ಕೋತೀನಿ. ಹದ್ದು ಬಂತು ಅಂತ ನನಗೆ ಹೇಳೋದು ಯಾರು? ನನ್ನ ಕಣ್ಣು! ಅದು ಹೋದ ಮೇಲೆ ಮತ್ತೆ ಚಾಚ್ತೀನಿ. ಎಳೆಯೋದೂ ನನ್ನ ಕೈಲಿದೆ, ಚಾಚೋದೂ ನನ್ನ ಕೈಲಿದೆ. ಅಷ್ಟೇ ಕಣೇ ನನ್ನ ತಪಸ್ಸು."

"ಆದರೆ ಈ ಮೂಗು ನನ್ನನ್ನು ದಾರಿ ತಪ್ಪಿಸಿತ್ತು, ಅಜ್ಜಿ."

"ಮೂಗು ಹೂವಿದೆ ಅಂತ ಹೇಳಿತು. ಮಗುವನ್ನು ಬಿಟ್ಟು ಬಾ ಅಂತ ಹೇಳಿತೇನು? ಬಿಟ್ಟು ಹೋದವಳು ನೀನು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡರಂತೆ, ಹಾಗಾಯಿತು ನಿನ್ನ ಕತೆ! ಮೊದಲು ಆ ಮೋರೆ ತೊಳಕೋ."

ಹೊನ್ನಚುಕ್ಕಿ ನಾಚಿಕೊಂಡು ಮೂತಿಯನ್ನು ನೀರಿಗದ್ದಿದಳು. ಕೆಸರು ಕರಗಿತು. ಒದ್ದೆ ಮಣ್ಣು, ಪಾಚಿ, ಎಳೆ ಹುಲ್ಲು, ಇಷ್ಟು ದಿನ ಕಳೆದುಕೊಂಡಿದ್ದ ಇಡೀ ಕಾಡು ಅವಳ ಮೂಗಿಗೆ ತಿರುಗಿ ಬಂತು. ಖುಷಿಯಿಂದ ಅವಳ ಕಣ್ಣು ತುಂಬಿತು. ಮರುಕ್ಷಣವೇ ಮಗನ ನೆನಪಾಗಿ ಓಡಿದಳು.

ಆಲದ ಮರದ ಬಳಿ ನರಿ ಆಗಲೇ ಚಿಗುರನನ್ನು ಪೊದೆಯ ಕಡೆಗೆ ನಡೆಸಿಕೊಂಡು ಹೋಗುತ್ತಿತ್ತು. ಹೊನ್ನಚುಕ್ಕಿ ಗಾಳಿ ಮೂಸಿದಳು. ಕೇದಗೆಯ ಘಮಲಿನ ಅಡಿಯಲ್ಲಿ ನರಿಯ ನಾತ. ಪೊದೆಯ ಹಿಂದೆ ಮೊಲಗಳ ರಕ್ತದ ವಾಸನೆ. ಅಯ್ಯೋ, ಇದೇ ಏನು ಮುಕ್ತಿ! ಅಲ್ಲಿ ಇನ್ನೊಂದು ವಾಸನೆಯೂ ಇತ್ತು. ಅವಳ ಮೈಯ ರೋಮವೆಲ್ಲ ನಿಮಿರಿತು. ನರಿ ತಿಂದು ಬಿಟ್ಟ ಕೊಳೆತ ಮಾಂಸದ ಜಾಡು ಹಿಡಿದು ಚಿರತೆಯೊಂದು ಬಂದು ಹೊಂಚು ಹಾಕಿ ಕುಳಿತಿತ್ತು.

ಅವಳು ಹೋಗಿ ಮಗನಿಗೆ ಅಡ್ಡ ನಿಂತಳು. "ಚಿಗುರಾ, ನಿಲ್ಲು! ಪೊದೆಯ ಹಿಂದೆ ಚಿರತೆ ಇದೆ."

"ಏನಮ್ಮ, ಸಾಧನೆಗೆ ಭಂಗ ತರ್ತೀಯಾ?" ಎಂದು ನರಿ ಗುರ್ರೆಂದಿತು.

"ನೀವೇ ಮೂಸಿ ನೋಡಿ, ಗುರುಗಳೇ."

ನರಿ ಮೂಸಿತು. ಮೂಗಿನ ತುದಿಯಿಂದ ಬಾಲದ ತುದಿಯವರೆಗೆ ಕೇದಗೆ ಬಳಿದುಕೊಂಡವನಿಗೆ ಕೇದಗೆ ಬಿಟ್ಟು ಮತ್ತೇನು ತಿಳಿಯಬೇಕು? ಮಗನನ್ನು ಉಳಿಸಿಕೊಳ್ಳಲು ಇವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಅದು ನಂಬಿತು. "ಏನೂ ಇಲ್ಲ! ಮೂಗಿನ ಮಾತು ಕೇಳಿದವರಿಗೆ ನರಕ!" ಎಂದು ಅಬ್ಬರಿಸಿತು.

ಹೊನ್ನಚುಕ್ಕಿ ಕತ್ತೆತ್ತಿ ಗಂಟಲು ಹರಿಯುವಂತೆ ಕೂಗಿದಳು. ಹುಟ್ಟಿನಿಂದ ಬಂದ ಅಭ್ಯಾಸ, ಮುದಿ ಮುಸುವದ ಕಣ್ಣು ತಾನಾಗಿ ತೆರೆಯಿತು. "ಖಕ್! ಖಕ್! ಚಿರತೆ!" ಎಂದು ಅದೂ ಕೂಗಿ ಮರವೇರಿತು. ಮಡಚಿದ ಕಿವಿಗಳು ನೆಟ್ಟಗಾದವು. ಚಿಗುರ ಅಮ್ಮನ ಬೆನ್ನಿಗೇ ಓಡಿದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಪಾಠಶಾಲೆ ಖಾಲಿ.

"ಕಣ್ಣು ಮುಚ್ಚಿ! ಕಿವಿ ಮುಚ್ಚಿ! ಯಾರೂ ಓಡಬೇಡಿ!" ಎಂದು ನರಿ ಪೊದೆಗೆ ಬೆನ್ನು ಹಾಕಿ ಇನ್ನೂ ಕಿರುಚುತ್ತಲೇ ಇತ್ತು. ಅಷ್ಟರಲ್ಲಿ ಚಿರತೆ ಹಾರಿತು. ಆ ಚಿರತೆ ಯಾವ ಪಾಠವನ್ನೂ ಕೇಳಿರಲಿಲ್ಲ. ಆದರೂ ಗುರುಗಳಿಗೆ ಕ್ಷಣದಲ್ಲಿ ಮುಕ್ತಿ ಕೊಡಿಸಿತು.

ಮರು ಬೇಸಿಗೆಯಲ್ಲಿ ಇಪ್ಪೆ ಮತ್ತೆ ಹೂ ಬಿಟ್ಟಿತು. ಗಾಳಿಯಲ್ಲಿ ಪರಿಮಳ ತೇಲಿ ಬಂದಾಗ, ಆಗಷ್ಟೇ ಕೊಂಬು ಮೂಡತೊಡಗಿದ್ದ ಚಿಗುರ ಕೇಳಿದ. "ಅಮ್ಮಾ, ಮೂಗು ಮುಚ್ಕೋಬೇಕಾ?"

"ಬೇಡ ಕಂದಾ, ಚೆನ್ನಾಗಿ ಮೂಸು. ಹೂವಿನ ಜೊತೆ ಬೇರೆ ಏನಾದರೂ ಇದೆಯಾ?"

ಚಿಗುರ ಮೂಸಿದ. "ಇಲ್ಲಮ್ಮ, ಬರೀ ಹೂವು."

"ಹಾಗಾದರೆ ನಡಿ," ಎಂದಳು ಹೊನ್ನಚುಕ್ಕಿ. ಈ ಸಲ ಮಗನನ್ನು ಮುಂದೆ ಬಿಟ್ಟುಕೊಂಡು ತಾನು ಹಿಂದೆ ನಡೆದಳು.

ನೀತಿ: ಇಂದ್ರಿಯಗಳನ್ನು ಮುಚ್ಚಿಬಿಡುವುದು ಸಂಯಮವಲ್ಲ, ಅವು ಹೇಳಿದ್ದನ್ನು ಕೇಳಿಸಿಕೊಂಡು, ಹೋಗುವುದೋ ಬಿಡುವುದೋ ಎಂದು ತಾನೇ ತೀರ್ಮಾನಿಸುವುದು ಸಂಯಮ.