ಅಳತೆ ಕೇಳದ ಗಿರಾಕಿ

ಎರಡು ವರ್ಷದಿಂದ ಯಾರ ಕಾಲನ್ನೂ ಕಾಣದೆ ಮಂಚದಡಿ ಬಿದ್ದಿದ್ದ ಓಟದ ಶೂಗಳಿಗೆ ಒಡತಿಯ ಮೊಬೈಲು ಕೂಗಿ ಹೇಳಿತು: "ನಿಮ್ಮನ್ನು ಮಾರಲು ಒಡತಿ ಹಾಕಿದ ಜಾಹೀರಾತಿಗೆ ಗಿರಾಕಿ ಸಿಕ್ಕಿದ್ದಾನೆ! ಚೌಕಾಸಿಯೇ ಮಾಡಲಿಲ್ಲ. ಕ್ಯೂಆರ್ ಕೋಡ್ ಕಳಿಸಿದ್ದಾನೆ. ಒಡತಿ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಸಾಕು, ದುಡ್ಡು ಬರುತ್ತದಂತೆ."

"ಕೊನೆಗೂ ನಾವು ಬೇಕಾದೆವು!" ಎಂದು ಎಡಗಾಲಿನ ಶೂ ಹಿಗ್ಗಿತು.

ಬಲಗಾಲಿನದು ಕೇಳಿತು, "ನಮ್ಮ ಅಳತೆ ಎಷ್ಟೆಂದು ಕೇಳಿದನೇ?"

"ಇಲ್ಲ."

"ಹಾಗಾದರೆ ಅವನ ಕಾಲಿನ ಅಳತೆ ನೀನೇ ಕೇಳು."

ಮೊಬೈಲು ಕೇಳಿತು. ಉತ್ತರ ತಕ್ಷಣ ಬಂತು: "ಯಾವುದಾದರೂ ಆಗುತ್ತದೆ. ಮೊದಲು ಪಿನ್ ಒತ್ತಿ."

ಎಡಗಾಲಿನ ಶೂ ಮೆಲ್ಲಗೆ ಹೇಳಿತು: "ಒತ್ತಬೇಡವೆಂದು ಒಡತಿಗೆ ಹೇಳು. ಇವನಿಗೂ ಬೇಕಾದದ್ದು ನಾವಲ್ಲ."